ಭಾಷಣ ಕೇಳಿದವರ ಚರಿತ್ರೆ

ಚುನಾವಣೆಯ ಚರಿತ್ರೆ ಅಂತ ಬರೆಯುವವರೆಲ್ಲ ನಿಂತವರ ಚರಿತ್ರೆ ಬರೆದಿದ್ದಾರೆ. ಯಾರು ನಿಂತರು, ಯಾರು ಗೆದ್ದರು, ಯಾರ ಠೇವಣಿ ಹೋಯಿತು, ಯಾರು ಯಾವ ಪಕ್ಷ ಬಿಟ್ಟು ಯಾವ ಪಕ್ಷ ಸೇರಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಶಾಮಿಯಾನದ ಕೆಳಗೆ ಕೂತು ಕೇಳಿದವರು ಮಾತ್ರ 'ಅಪಾರ ಜನಸ್ತೋಮ' ಅನ್ನೋ ಎರಡು ಪದದಲ್ಲಿ ಮುಗಿದುಹೋಗುತ್ತಾರೆ. ಆ ಜನಸ್ತೋಮ ನಾವು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಕೇರಿಗಳವರು. ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೋಗಿ ಸಮಾವೇಶಗಳಲ್ಲಿ ಕೂತು ಬಂದವರು. ಕೇಳಿದವರಿಗೂ ಒಂದು ಚರಿತ್ರೆ ಉಂಟು. ಅದನ್ನು ನಾವೇ ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಮೊದಲು ಒಂದು ಹಳೇ ಮಾತು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಕರೆದರು. ಇಡೀ ಭಾರತದ ಸಂಸ್ಥಾನಗಳಲ್ಲೇ ಇದು ಮೊದಲು ಅಂತ ಪಠ್ಯಪುಸ್ತಕದಲ್ಲಿ ಓದಿದ್ದೇವೆ, ಶಾಲೆಯಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವೆ. ಆ ಮೊದಲ ಸಭೆಗೆ ಬಂದವರು 144 ಮಂದಿ. ಜಮೀನುಳ್ಳವರು, ವ್ಯಾಪಾರಸ್ಥರು. ದಸರೆಯ ಹೊತ್ತಿನಲ್ಲಿ ಕೂತು ದಿವಾನರ ಭಾಷಣ ಕೇಳಿದರು. ಪ್ರಜೆ ಅಂದರೆ ಕಂದಾಯ ಕಟ್ಟುವವನು ಅನ್ನುವ ಕಾಲ ಅದು. ನೆಲವೇ ಇಲ್ಲದ ನಮ್ಮ ಮುತ್ತಾತಂದಿರು ಪ್ರಜೆಗಳ ಲೆಕ್ಕಕ್ಕೆ ಬರಲಿಲ್ಲ. ಹಾಗಾದರೆ ಅವರು ಎಲ್ಲಿದ್ದರು? ಊರ ಬೀದಿಗಳಲ್ಲಿ ತಮಟೆ ಹೊಡೆದು ಸಾರುತ್ತಿದ್ದರು. ಪಟೇಲನ ಹುಕುಂ, ಶಾನುಭೋಗನ ಗಡುವು, ಅಮಲ್ದಾರನ ಸವಾರಿ ಎಲ್ಲವನ್ನೂ ಜನರ ಕಿವಿಗೆ ಮುಟ್ಟಿಸುತ್ತಿದ್ದವರು ನಮ್ಮವರೇ. ಮೈಕು ಬರುವ ಮುಂಚೆ ನಾವೇ ಮೈಕು. ಗಂಟಲು ನಮ್ಮದು, ಮಾತು ಇನ್ನೊಬ್ಬರದು. ನಮ್ಮನ್ನು ಕೂರಿಸಿ 'ಕೇಳಿ' ಅಂತ ಯಾರೂ ಅನ್ನಲಿಲ್ಲ. ಯಾಕೆಂದರೆ ನಮ್ಮ ಹತ್ತಿರ ಕೇಳಿ ಪಡೆಯುವಂಥದ್ದು ಏನೂ ಇರಲಿಲ್ಲ.

ಆ ಏನೋ ಒಂದು ನಮ್ಮ ಕೈಗೆ ಬಂದದ್ದು 1952ರಲ್ಲಿ. ಓಟು.

ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಓಟು ಹಾಕಿದ ನಮ್ಮ ಹಿರಿಯರಿಗೆ ಅಕ್ಷರ ಗೊತ್ತಿರಲಿಲ್ಲ. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಕಾಂಗ್ರೆಸ್ಸಿಗೆ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಮತಪತ್ರದ ಮೇಲೆ ಏನೂ ಗುರುತು ಹಾಕುವಂತಿರಲಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು ಅಷ್ಟೆ. ಯೋಚನೆ ಮಾಡಿ ಗೆಳೆಯರೆ. ಎತ್ತು ಒಡೆಯನದು, ಗುಡಿಸಲು ನಮ್ಮದು. ಹಾಗಂತ ಓಟೆಲ್ಲ ಗುಡಿಸಲಿಗೆ ಬೀಳಲಿಲ್ಲ. ಜೋಡೆತ್ತಿನ ಹಿಂದೆ ಗಾಂಧಿ ಇದ್ದರು, ಸ್ವಾತಂತ್ರ್ಯ ಇತ್ತು, ಹೊಲದ ಒಡೆಯನೂ ಇದ್ದ. ಮೈಸೂರು ಲೋಕಸಭಾ ಕ್ಷೇತ್ರದಿಂದ ಆ ವರ್ಷ ಇಬ್ಬರು ಆಯ್ಕೆಯಾದರು: ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ, ಕಾಂಗ್ರೆಸ್ಸಿನ ಎನ್. ರಾಚಯ್ಯ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರದಲ್ಲಿ ಒಂದು ಸ್ಥಾನ ಎಲ್ಲರಿಗೆ, ಇನ್ನೊಂದು ನಮಗೆ. 1961ರ ಕಾನೂನು ಆ ಪದ್ಧತಿ ತೆಗೆದುಹಾಕಿತು. ಆಮೇಲೆ ಬಂದದ್ದು ಇವತ್ತಿನ ಏಕಸದಸ್ಯ ಮೀಸಲು ಕ್ಷೇತ್ರ. 1962ರಿಂದ ಚಾಮರಾಜನಗರ ಲೋಕಸಭೆಗೆ ಮೀಸಲು. ತಿ. ನರಸೀಪುರ ವಿಧಾನಸಭೆಗೆ ಮೀಸಲು. 2008ರ ಕ್ಷೇತ್ರ ವಿಂಗಡಣೆಯಲ್ಲಿ ನಂಜನಗೂಡೂ ಮೀಸಲಾಯಿತು.

ಮೀಸಲು ಕ್ಷೇತ್ರದ ಭಾಷಣ ಅರ್ಥವಾಗಬೇಕಾದರೆ 1932ಕ್ಕೆ ಹೋಗಬೇಕು. ಬಾಬಾಸಾಹೇಬರು ಕೇಳಿದ್ದು ಪ್ರತ್ಯೇಕ ಮತದಾರ ಮಂಡಲ. ಅಂದರೆ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವುದು. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನ ಸಿಕ್ಕವು, ಆದರೆ ಆರಿಸುವವರು ಎಲ್ಲ ಜಾತಿಯವರೂ. ಆ ಒಪ್ಪಂದದಲ್ಲಿ ಒಂದು ಸಣ್ಣ ಕಿಟಕಿ ಇತ್ತು: ಮೊದಲು ಅಸ್ಪೃಶ್ಯ ಮತದಾರರೇ ನಾಲ್ಕು ಜನರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಊರೆಲ್ಲ ಸೇರಿ ಆರಿಸಬೇಕು. ಸಂವಿಧಾನ ಬಂದಾಗ ಆ ಕಿಟಕಿ ಉಳಿಯಲಿಲ್ಲ. ಸ್ಥಾನ ಉಳಿಯಿತು. ಇವತ್ತು ಕರ್ನಾಟಕದ 224 ವಿಧಾನಸಭಾ ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು, ಲೋಕಸಭೆಯ 28ರಲ್ಲಿ 5.

ಇದರಿಂದ ಏನಾಯಿತು? ನಿಲ್ಲುವವನು ನಮ್ಮವನು, ಗೆಲ್ಲಿಸುವವರು ಎಲ್ಲರೂ. ನಾಲ್ಕು ಬೀದಿಯ ಓಟೂ ಬೇಕಾದವನಿಗೆ ನಾಲ್ಕು ಬೀದಿಯಲ್ಲೂ ನಾಲ್ಕು ಭಾಷಣ ಬೇಕು. ಕೇರಿಗೆ ಬಂದಾಗ 'ನಾನು ನಿಮ್ಮ ಮನೆ ಮಗ' ಅನ್ನುತ್ತಾನೆ. ಊರೊಳಕ್ಕೆ ಹೋದಾಗ 'ನಾನು ಜಾತಿ ಮಾಡುವವನಲ್ಲ ಬುದ್ಧಿ' ಅನ್ನುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಕಟ್ಟಿದ ಗೂಟಕ್ಕೆ ತಕ್ಕಷ್ಟೇ ಹಗ್ಗ. ಆದರೆ ಆ ಹಗ್ಗದ ಅಳತೆ ನಮಗೆ ಗೊತ್ತಿರಬೇಕು. ನಂಜನಗೂಡು ತಾಲ್ಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿ ಬಂದಿದ್ದರು, ಅಲ್ಲಿನ ಖಾದಿ ಕೇಂದ್ರ ನೋಡಲು. ಅದೇ ಬದನವಾಳಿನಲ್ಲಿ ದೇವಸ್ಥಾನದ ವಿಚಾರಕ್ಕೆ ಎದ್ದ ದ್ವೇಷದಲ್ಲಿ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಗಾಂಧೀಜಿ ಬಂದುಹೋದದ್ದನ್ನು ಯಾವ ವೇದಿಕೆಯ ಮೇಲೂ ಹೇಳಬಹುದು. ಮೂವರು ಸತ್ತದ್ದನ್ನು ಹೇಳಲು ಎಂಟೆದೆ ಬೇಕು. ಆ ಮಾತು ಆಡಿದರೆ ಓಟು ಹೋದೀತು ಅನ್ನೋ ಭಯ. ಆದ್ದರಿಂದ ನಾವು ಭಾಷಣ ಕೇಳುವಾಗ ಆಡಿದ ಮಾತಿನ ಜೊತೆಗೆ ಆಡದೆ ಬಿಟ್ಟ ಮಾತನ್ನೂ ಕೇಳಿಸಿಕೊಳ್ಳುವುದನ್ನು ಕಲಿತೆವು.

ಕಲಿಸಿದ್ದು ಚಳವಳಿ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಂದು ಭಾಷಣ, ಅದರಲ್ಲೊಂದು ಮಾತು. ಊರೂರಲ್ಲಿ ದಲಿತ ಹುಡುಗರ ಮೇಲೆ ಹಲ್ಲೆಯಾಯಿತು, ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆಗ ನಮ್ಮವರಿಗೆ ಒಂದು ತಿಳಿಯಿತು. ಇಷ್ಟು ಕಾಲ ವೇದಿಕೆಯಿಂದ ಬಂದದ್ದು ನಮ್ಮ ಓಟು ಕೇಳುವ ಮಾತು. ಈ ಮನುಷ್ಯ ಆಡಿದ್ದು ಓಟು ಕಳೆಯುವ ಮಾತು. ಆ ಮಾತಿನಿಂದ ಒಂದು ಕುರ್ಚಿ ಹೋಯಿತು, ಆದರೆ ಒಂದು ಚಳವಳಿ ಹುಟ್ಟಿತು. ದಲಿತ ಸಂಘರ್ಷ ಸಮಿತಿ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು.

ಆ ದಿನಗಳ ಮೈಸೂರಿನ ಅಶೋಕಪುರಂನಿಂದ ಎದ್ದು ಬಂದ ಒಬ್ಬ ಯುವಕ ವಿ. ಶ್ರೀನಿವಾಸ ಪ್ರಸಾದ್. 1974ರಲ್ಲಿ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಗೆ ಪಕ್ಷೇತರರಾಗಿ ನಿಂತರು, ಸೋತರು. 1980ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು. 1984, 1989, 1991ರಲ್ಲಿ ಕಾಂಗ್ರೆಸ್ಸಿನಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಮತ್ತೆ ಕಾಂಗ್ರೆಸ್. 2008 ಮತ್ತು 2013ರಲ್ಲಿ ನಂಜನಗೂಡಿನ ಶಾಸಕರು. ಸಿದ್ದರಾಮಯ್ಯನವರ ಸಂಪುಟದಲ್ಲಿ ಕಂದಾಯ ಮಂತ್ರಿ. ನಮ್ಮ ಕೇರಿಯ ಅಜ್ಜಿಯರಿಗೂ ಈ ಹೆಸರು ಗೊತ್ತು. 'ನಮ್ಮೋರು ಕಣಪ್ಪ' ಅಂತಲೇ ಮಾತು ಶುರುವಾಗುವುದು.

2016ರ ಜೂನ್‌ನಲ್ಲಿ ಸಂಪುಟ ಪುನಾರಚನೆಯಾಯಿತು. 14 ಮಂದಿಯನ್ನು ಕೈಬಿಟ್ಟರು, ಅದರಲ್ಲಿ ಇವರೂ ಒಬ್ಬರು. ಅಕ್ಟೋಬರ್‌ನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2017ರ ಜನವರಿಯಲ್ಲಿ ಭಾರತೀಯ ಜನತಾ ಪಕ್ಷ ಸೇರಿದರು. ಏಪ್ರಿಲ್ 9ಕ್ಕೆ ನಂಜನಗೂಡಿನ ಉಪಚುನಾವಣೆ. ಪಕ್ಕದ ಗುಂಡ್ಲುಪೇಟೆಯಲ್ಲೂ ಅವತ್ತೇ. ಅಲ್ಲಿ ಮಂತ್ರಿಯಾಗಿದ್ದ ಎಚ್.ಎಸ್. ಮಹದೇವಪ್ರಸಾದ್ ತೀರಿಕೊಂಡಿದ್ದರು. ಒಂದು ಕಡೆ ಮುಖ್ಯಮಂತ್ರಿ ಸಿದ್ದರಾಮಯ್ಯ, ಇನ್ನೊಂದು ಕಡೆ ಬಿ.ಎಸ್. ಯಡಿಯೂರಪ್ಪ. ಮಂತ್ರಿಗಳೆಲ್ಲ ಹಳ್ಳಿ ಹಳ್ಳಿಯಲ್ಲಿ. ನಮ್ಮ ಕೇರಿಯ ಮಣ್ಣು ಅಷ್ಟು ಕಾರು ಯಾವತ್ತೂ ಕಂಡಿರಲಿಲ್ಲ.

ಶ್ರೀನಿವಾಸ ಪ್ರಸಾದರು ಆ ಚುನಾವಣೆಯನ್ನು ಕಟ್ಟಿದ್ದು ಒಂದೇ ಪದದ ಮೇಲೆ: ಸ್ವಾಭಿಮಾನ. ಸಮಾವೇಶದಲ್ಲಿ, ಪ್ರಚಾರ ಸಭೆಯಲ್ಲಿ ಮಾತಿನ ತಿರುಳು ಅದೇ. ಮಂತ್ರಿಗಿರಿ ಹೋದದ್ದಕ್ಕಿಂತ ಅದನ್ನು ಕಿತ್ತುಕೊಂಡ ರೀತಿ ನೋಯಿಸಿತು, ಇದು ತನ್ನ ಸ್ವಾಭಿಮಾನದ ಪ್ರಶ್ನೆ, ಕ್ಷೇತ್ರದ ಸ್ವಾಭಿಮಾನದ ಪ್ರಶ್ನೆ ಎಂದು.

ಆ ಮಾತು ಕೇಳಿ ನಮಗೆ ಏನಾಯಿತು? ಇದನ್ನು ಇದ್ದದ್ದು ಇದ್ದಂಗೆ ಹೇಳಬೇಕು.

ಮೊದಲು ಆದದ್ದು ನೋವು. ಸ್ವಾಭಿಮಾನ ಅನ್ನೋ ಪದ ನಮಗೆ ಬರೀ ಪದ ಅಲ್ಲ. ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದವರು ನಾವು. ಕ್ಷೌರಕ್ಕೆ ಪಟ್ಟಣಕ್ಕೆ ನಡೆದವರು ನಾವು. ಶಾಲೆಯ ಕೊಡದ ನೀರು ಮುಟ್ಟದೆ ಮಧ್ಯಾಹ್ನದವರೆಗೂ ಬಾಯಾರಿ ಕೂತವರು ನಾವು. ಐದು ಸಾರಿ ಪಾರ್ಲಿಮೆಂಟಿಗೆ ಹೋದ ನಮ್ಮವರೊಬ್ಬರು ಮೈಕಿನ ಮುಂದೆ ನಿಂತು 'ನನಗೆ ಅವಮಾನವಾಗಿದೆ' ಅಂದರೆ ಕರುಳು ಚುರ್ ಅನ್ನದೆ ಇರುತ್ತದೆಯೆ? ಅಷ್ಟೆತ್ತರಕ್ಕೆ ಹೋದವರಿಗೇ ಹಿಂಗಾದರೆ ಕೂಲಿ ಮಾಡುವ ನಮ್ಮ ಗತಿ ಏನು ಅಂತ ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡೆವು.

ಆಮೇಲೆ ಬಂದದ್ದು ಗೊಂದಲ. ಎದುರು ನಿಂತವರು ಕಳಲೆ ಕೇಶವಮೂರ್ತಿ. ಅವರೂ ಕೇರಿಯ ಕೂಸೇ. ಮೀಸಲು ಕ್ಷೇತ್ರದಲ್ಲಿ ಬೇರೆಯವರು ನಿಲ್ಲುವಂತಿಲ್ಲ. 2013ರಲ್ಲಿ ಜಾತ್ಯತೀತ ಜನತಾದಳದಿಂದ ಇದೇ ಶ್ರೀನಿವಾಸ ಪ್ರಸಾದರ ಎದುರು ನಿಂತು ಎರಡನೆಯವರಾಗಿದ್ದರು. ಈಗ ಕಾಂಗ್ರೆಸ್ಸಿಗೆ ಬಂದಿದ್ದರು. ಜನತಾದಳ ಈ ಸಲ ಯಾರನ್ನೂ ನಿಲ್ಲಿಸಲಿಲ್ಲ. ಅಂದರೆ ಇಬ್ಬರೂ ಹೊಸ ಮನೆಗೆ ಬಂದವರೇ. ಹಂಗಾದರೆ ಒಬ್ಬ ದಲಿತನ ಸ್ವಾಭಿಮಾನಕ್ಕೆ ಇನ್ನೊಬ್ಬ ದಲಿತ ಸೋಲಬೇಕು ಅನ್ನುವುದು ಯಾವ ಲೆಕ್ಕ? ಸ್ವಾಭಿಮಾನದ ಮಾತು ಕೇಳಿ ನಾವು ಯಾವ ಪಕ್ಷದ ಬಾವುಟ ಹಿಡಿಯಬೇಕು? ಮನುಧರ್ಮದ ವಿರುದ್ಧ ಹಾಡು ಕಟ್ಟಿದ ಕೇರಿಯ ಹುಡುಗರಿಗೆ ಆ ಬಾವುಟ ಕೈಗೆ ಒಗ್ಗಲಿಲ್ಲ. ಅದನ್ನು ಹಿಡಿದ ಹುಡುಗರೂ ಇದ್ದರು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಟ್ರ್ಯಾಕ್ಟರು ಹತ್ತಿದರು.

ಕೊನೆಗೆ ಬಂದದ್ದು ಪ್ರಶ್ನೆ. ರಾತ್ರಿ ಚಾವಡಿಯಲ್ಲಿ ಕೂತಾಗ ನಮ್ಮೊಳಗೇ ಎದ್ದದ್ದು. ಅವರ ಕುರ್ಚಿ ಹೋದರೆ ನಮ್ಮ ಮಾನ ಹೋಯಿತು ಅಂತಾರೆ ಸರಿ, ನಮ್ಮ ಮಾನ ಹೋದಾಗ ಯಾರ ಕುರ್ಚಿ ಅಲ್ಲಾಡಿತು? ಸ್ವಾಭಿಮಾನಕ್ಕೆ ಅಳತೆ ಏನು? ನಮ್ಮ ಹತ್ತಿರ ಒಂದು ಅಳತೆಗೋಲು ಇತ್ತು: ನೆಲ. 1978ರಲ್ಲಿ ದೇವರಾಜ ಅರಸರ ಕಾಲಕ್ಕೆ ಒಂದು ಕಾನೂನು ಬಂತು. ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನನ್ನು ಯಾರೋ ಸಾಲಕ್ಕೋ ಹೆಂಡಕ್ಕೋ ಬರೆಸಿಕೊಂಡಿದ್ದರೆ ಅದನ್ನು ಬಿಡಿಸಿ ವಾಪಸು ಕೊಡಿಸಬೇಕು ಅನ್ನುವ ಕಾನೂನು. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗೆ. ಅದು ಕಂದಾಯ ಇಲಾಖೆ. ನಮ್ಮವರೇ ಕಂದಾಯ ಮಂತ್ರಿಯಾಗಿದ್ದ ಮೂರು ವರ್ಷದಲ್ಲಿ ಈ ತಾಲ್ಲೂಕಿನಲ್ಲಿ ಎಷ್ಟು ಎಕರೆ ವಾಪಸು ಬಂತು? ಎಷ್ಟು ಅರ್ಜಿ ಕಡತದಲ್ಲೇ ಕೂತಿವೆ? ಅವರನ್ನು ತೆಗೆದ ಮುಖ್ಯಮಂತ್ರಿಗೂ ಇದೇ ಪ್ರಶ್ನೆ, ಅವರನ್ನು ಕರೆದುಕೊಂಡ ಪಕ್ಷಕ್ಕೂ ಇದೇ ಪ್ರಶ್ನೆ, ಎದುರು ನಿಂತವರಿಗೂ ಇದೇ ಪ್ರಶ್ನೆ. ಸಮಾವೇಶದಲ್ಲಿ ಕೇಳುಗರಿಗೆ ಮೈಕು ಕೊಡುವ ಪದ್ಧತಿ ಇಲ್ಲ. ಪ್ರಶ್ನೆ ಚಾವಡಿಯಲ್ಲೇ ಉಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಕಾನೂನಿನಡಿ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅದನ್ನು ಸರಿಪಡಿಸಲು, ಅರ್ಜಿಗೆ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂದದ್ದು 2023ರಲ್ಲಿ. ಆ ತಿದ್ದುಪಡಿಗೆ ಬೀದಿಯಲ್ಲಿ ಧರಣಿ ಕೂತವರು ಸಮಾವೇಶದ ನೆಲದ ಮೇಲೆ ಕೂರುವಂಥ ಜನವೇ.

2017ರ ಏಪ್ರಿಲ್ 13ರಂದು ಎಣಿಕೆಯಾಯಿತು. ಮಾರನೆಯ ದಿನ ಬಾಬಾಸಾಹೇಬರ ಜಯಂತಿ. ಕೇಶವಮೂರ್ತಿಯವರಿಗೆ 86,212 ಓಟು, ಶ್ರೀನಿವಾಸ ಪ್ರಸಾದರಿಗೆ 64,878. ಅಂತರ 21,334. ಸ್ವಾಭಿಮಾನ ಸೋತಿತು ಅಂತ ಒಂದು ಕಡೆಯವರು ಬರೆದರು, ಹಣ ಗೆದ್ದಿತು ಅಂತ ಇನ್ನೊಂದು ಕಡೆಯವರು ಬರೆದರು. ನಾವು ಯಾರಿಗೆ ಹಾಕಿದೆವು ಅನ್ನೋದು ಯಂತ್ರಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಯಂತ್ರ ಜಾತಿ ಹೇಳುವುದಿಲ್ಲ. ಆದರೂ ಊರ ಕಟ್ಟೆಗಳ ಮೇಲೆ 'ಕೇರಿಯವರು ಇಂಥವರಿಗೆ ಹಾಕಿದರು' ಅಂತ ಲೆಕ್ಕ ಹಾಕುವವರಿಗೆ ಬರವಿಲ್ಲ. ನಮ್ಮನ್ನು ಒಂದು ಮೂಟೆ ಅಂತ ತಿಳಿದವರ ಲೆಕ್ಕ ಅದು. ಮೂಟೆಯೊಳಗೆ ಒಬ್ಬೊಬ್ಬರೂ ಬೇರೆ ಬೇರೆ ಯೋಚನೆ ಮಾಡಿದ್ದೆವು ಅನ್ನೋದೇ ನಮ್ಮ ಮಟ್ಟಿಗೆ ಆ ಚುನಾವಣೆಯ ನಿಜವಾದ ಸುದ್ದಿ.

ಮುಂದಿನದೂ ನೋಡಿ. 2018ರಲ್ಲಿ ನಂಜನಗೂಡಿನಲ್ಲಿ ಗೆದ್ದವರು ಶ್ರೀನಿವಾಸ ಪ್ರಸಾದರ ಅಳಿಯ ಬಿ. ಹರ್ಷವರ್ಧನ್. ಅದೇ ವರ್ಷ ತಿ. ನರಸೀಪುರದಲ್ಲಿ ಲೋಕೋಪಯೋಗಿ ಮಂತ್ರಿಯಾಗಿದ್ದ ಎಚ್.ಸಿ. ಮಹದೇವಪ್ಪ ಜನತಾದಳದ ಎಂ. ಅಶ್ವಿನ್ ಕುಮಾರ್ ಎದುರು ಸೋತರು. 2019ರಲ್ಲಿ ಶ್ರೀನಿವಾಸ ಪ್ರಸಾದರು ಆರನೆಯ ಸಾರಿ ಲೋಕಸಭೆಗೆ ಗೆದ್ದರು, ಬರೀ 1,817 ಓಟಿನಿಂದ. ಸೋತವರು ಆರ್. ಧ್ರುವನಾರಾಯಣ. 2023ರ ಮಾರ್ಚಿನಲ್ಲಿ ಧ್ರುವನಾರಾಯಣ ತೀರಿಕೊಂಡರು. ಮೇ ತಿಂಗಳಲ್ಲಿ ನಂಜನಗೂಡಿನಿಂದ ಅವರ ಮಗ ದರ್ಶನ್ ಗೆದ್ದರು. ಮಹದೇವಪ್ಪನವರು ನರಸೀಪುರದಿಂದ ಮತ್ತೆ ಗೆದ್ದು ಸಮಾಜ ಕಲ್ಯಾಣ ಮಂತ್ರಿಯಾದರು. 2024ರಲ್ಲಿ ಅವರ ಮಗ ಸುನಿಲ್ ಬೋಸ್ ಚಾಮರಾಜನಗರದ ಸಂಸದರಾದರು. ಆ ಚುನಾವಣೆಯ ಮತದಾನ ಮುಗಿದ ಮೂರು ದಿನಕ್ಕೆ, ಏಪ್ರಿಲ್ 29ರಂದು, ಶ್ರೀನಿವಾಸ ಪ್ರಸಾದರು ಕಣ್ಣು ಮುಚ್ಚಿದರು. ಐವತ್ತು ವರ್ಷದ ರಾಜಕಾರಣ. ಕೇರಿಯಲ್ಲಿ ಅತ್ತವರಲ್ಲಿ 2017ರಲ್ಲಿ ಅವರಿಗೆ ಓಟು ಹಾಕದವರೂ ಇದ್ದರು. ಓಟು ಬೇರೆ, ಕರುಳು ಬೇರೆ.

ಅಳಿಯ, ಮಗ, ಮಗ. ಯಾರ ಯೋಗ್ಯತೆಯ ಬಗ್ಗೆಯೂ ನಾವು ಇಲ್ಲಿ ಮಾತಾಡುತ್ತಿಲ್ಲ. ಸತ್ತವರ ಮೇಲಿನ ಪ್ರೀತಿಯಿಂದ ಓಟು ಹಾಕುವುದು ಮನುಷ್ಯರ ಗುಣ. ಆದರೆ ಮೇಲ್ಜಾತಿಯ ಮನೆಗಳಲ್ಲಿ ಪಟೇಲಿಕೆ ಅಪ್ಪನಿಂದ ಮಗನಿಗೆ ಹೋಗುತ್ತಿದ್ದಾಗ ಅದನ್ನು ಪ್ರಶ್ನಿಸಿದವರು ನಾವು. ಮೀಸಲು ಸ್ಥಾನವೂ ಹಂಗೇ ಹೋಗುವುದಾದರೆ ಕೂಲಿಯವನ ಮಗಳು ವೇದಿಕೆ ಹತ್ತುವುದು ಯಾವಾಗ? ನಂಜನಗೂಡಿನಲ್ಲೂ ನರಸೀಪುರದಲ್ಲೂ ಸಮಾವೇಶದ ನೆಲ ತುಂಬುವವರಲ್ಲಿ ಅರ್ಧಕ್ಕರ್ಧ ಹೆಂಗಸರು. ವೇದಿಕೆಯ ಮೇಲೆ ಎಣಿಸಿ ನೋಡಿ.

ಇದನ್ನೆಲ್ಲ ಬಾಬಾಸಾಹೇಬರು ಮುಂಚೆಯೇ ಕಂಡಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಆಡಿದ ಕೊನೆಯ ದೊಡ್ಡ ಭಾಷಣದಲ್ಲಿ ಎರಡು ಎಚ್ಚರಿಕೆ ಇವೆ. ಒಂದು, ರಾಜಕೀಯದಲ್ಲಿ ಎಲ್ಲರಿಗೂ ಒಂದೇ ಓಟು, ಒಂದೇ ಬೆಲೆ. ಸಮಾಜದಲ್ಲಿ ಆ ಬೆಲೆ ಇಲ್ಲ. ಈ ವಿರೋಧ ಬಹಳ ದಿನ ನಿಲ್ಲುವಂಥದ್ದಲ್ಲ. ಎರಡು, ಧರ್ಮದಲ್ಲಿ ಭಕ್ತಿಯಿಂದ ಮೋಕ್ಷ ಸಿಕ್ಕೀತು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ. ಇದನ್ನು ನಾವು ಬೇರೆಯವರ ಭಕ್ತಿಗೆ ಅನ್ವಯಿಸಿ ಚಪ್ಪಾಳೆ ತಟ್ಟುತ್ತೇವೆ. ನಮ್ಮವರ ಮೇಲಿನ ನಮ್ಮ ಭಕ್ತಿಗೆ ಅನ್ವಯಿಸುವುದು ಕಷ್ಟ. 'ನಮ್ಮೋರು' ಅಂದ ಕೂಡಲೆ ಕಿವಿ ತೆರೆದು ಬಾಯಿ ಮುಚ್ಚಿಬಿಡುತ್ತೇವೆ.

ಒಂದು ಓಟಿನಿಂದ ಏನಾಗುತ್ತದೆ ಅನ್ನುವವರು ನಮ್ಮಲ್ಲಿ ಬಹಳ. ಪಕ್ಕದ ಸಂತೇಮರಹಳ್ಳಿಯದು ಮರೆಯಬಾರದು. ಅದೂ ಮೀಸಲು ಕ್ಷೇತ್ರ, 2008ರಲ್ಲಿ ಇಲ್ಲವಾಯಿತು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಧ್ರುವನಾರಾಯಣರಿಗೆ 40,752, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಓಟು. ಯಾವ ಕೇರಿಯ, ಯಾವ ಬೀದಿಯ, ಯಾವ ತಾಯಿಯ ಓಟು ಅದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅವತ್ತು ಓಟು ಹಾಕಿದ ಪ್ರತಿಯೊಬ್ಬರೂ 'ಅದು ನನ್ನದು' ಅನ್ನಬಹುದು. ಕೂಲಿಗೆ ಹೋಗಿ ಓಟು ತಪ್ಪಿಸಿಕೊಂಡವರೂ 'ಅದು ನನ್ನದಾಗಬಹುದಿತ್ತು' ಅನ್ನಬಹುದು.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ, ಸಂಘಟನೆಯ ಗೆಳೆಯರಿಗೆ ನಮ್ಮದೊಂದು ಮಾತು. ಸಮಾವೇಶಕ್ಕೆ ಹೋಗಬೇಡಿ ಅಂತ ಜನಕ್ಕೆ ಹೇಳಬೇಡಿ. ಹೋಗಲಿ, ಕೇಳಲಿ, ಅಳು ಬಂದರೆ ಅಳಲಿ. ವಾಪಸು ಬಂದ ರಾತ್ರಿ ಚಾವಡಿಯಲ್ಲೋ ಅಂಬೇಡ್ಕರ್ ಭವನದಲ್ಲೋ ಅವರನ್ನು ಕೂರಿಸಿ. ಒಂದು ನೋಟ್‌ಬುಕ್ ತನ್ನಿ. ನಡುವೆ ಗೆರೆ ಎಳೆಯಿರಿ. ಎಡಗಡೆ ಆತ ಏನಂದ ಅಂತ ಬರೆಯಿರಿ, ಬಲಗಡೆ ಏನನ್ನಲಿಲ್ಲ ಅಂತ ಬರೆಯಿರಿ. ಮಂಜೂರಾದ ಜಮೀನಿನ ಮಾತು ಬಂತೆ? ಸ್ಮಶಾನದ ಮಾತು? ಹಾಸ್ಟೆಲಿನ ಊಟದ್ದು? ಕೂಲಿಯದ್ದು? 2013ರಲ್ಲಿ ಬಂದ ಉಪಯೋಜನೆಯ ಕಾನೂನಿನ ದುಡ್ಡು ಎಲ್ಲಿ ಖರ್ಚಾಯಿತು ಅನ್ನುವುದು? ಹೆಂಗಸರಿಗೆ ಮೊದಲು ಮಾತಾಡಲು ಬಿಡಿ. ಅಕ್ಷರ ಬಾರದವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ. ಮುಂದಿನ ಚುನಾವಣೆಗೆ ಯಾವ ಪಕ್ಷದವರೇ ಕೇರಿಗೆ ಬರಲಿ, ಹಾರ ಹಾಕುವ ಮುಂಚೆ ಆ ನೋಟ್‌ಬುಕ್ಕಿನ ಬಲಗಡೆಯ ಪುಟ ಓದಿ ಹೇಳಿ.

ತಮಟೆ ಹೊಡೆದು ಇನ್ನೊಬ್ಬರ ಮಾತು ಸಾರಿದ ಜನ ನಾವು. ಈಗ ಆ ನೋಟ್‌ಬುಕ್ಕಿನಲ್ಲಿ ಇರುವುದು ನಮ್ಮ ಮಾತು. ಅದನ್ನು ಗಟ್ಟಿಯಾಗಿ ಓದುವ ಗಂಟಲು ನಮಗೆ ಮೊದಲಿಂದಲೂ ಇದೆ.